ಮುಂಗಡ ವಾಪಸ್ ಕೇಳ್ತೀರಾ? ಕಿನ್ನಿಗೋಳಿ ಕಡೆಯ ಒಂದು ಹಂದಿಗೂಡಿನ ಪ್ರಕರಣ

2022ರ ಡಿಸೆಂಬರ್ 1, ಗುರುವಾರ. ರಾತ್ರಿ ಎಂಟೂವರೆ ಆಗಿತ್ತು. ಮಂಗಳೂರಿನ ಹೊರಬದಿಯಲ್ಲಿರುವ ನಮ್ಮ ಪೋರ್ಕ್ ಅಂಗಡಿಯ ಶಟರ್ ಅರ್ಧ ಎಳೆದಾಗಿತ್ತು. ಬಾಪ್ಪು, ಅಂದರೆ ನನ್ನ ಅಪ್ಪನ ತಮ್ಮ, ತಕ್ಕಡಿ ಒರೆಸುತ್ತಿದ್ದರು. ನಾನು ಕ್ರಿಸ್‌ಮಸ್ ಆರ್ಡರುಗಳನ್ನು ಪುಸ್ತಕಕ್ಕೆ ಏರಿಸುತ್ತಿದ್ದೆ. ಆಗ ಫೋನ್ ಬಂತು. ಕಿನ್ನಿಗೋಳಿ ಕಡೆಯಿಂದ ನಮಗೆ ಹಂದಿ ಕೊಡುವ ಮನೆಯ ಅಕ್ಕ. ಯಾವಾಗಲೂ ಮಾತಾಡುವುದು ಅವರ ಗಂಡ. ಅಕ್ಕನೇ ಫೋನ್ ಮಾಡಿದ್ದು ಅದೇ ಮೊದಲು.

"ಪೊರ್ಬುಲೆ, ಒಂದು ವಿಷಯ ಕೇಳ್ಬೇಕಿತ್ತು. ಈ ಸಲ ಹಂದಿ ಕೊಡ್ಲಿಕ್ಕೆ ಆಗದಿದ್ರೆ ಮುಂಗಡ ವಾಪಸ್ ಕೇಳ್ತೀರಾ?"

ಗೂಡಿನಲ್ಲಿ ಹಂದಿ ಸಾಯುತ್ತಿವೆ ಅನ್ನುವುದು ಅವರ ಎರಡನೇ ಮಾತು. ಮೊದಲನೆಯದು ಮುಂಗಡದ್ದು. ರೋಗದ ಬಗ್ಗೆ, ಮದ್ದಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇದನ್ನು ಬರೆಯುತ್ತಿರುವುದು ಆ ಮೊದಲ ಮಾತಿಗಾಗಿ. ಅಂಗಡಿಯ ಲೆಕ್ಕ ನೋಡುವವಳು ನಾನು. ಮುಂಗಡದ ಚೀಟಿ ಬರೆದದ್ದೂ ನಾನೇ.

ಮನೆ, ಗೂಡು, ಚೀಟಿ

ಆ ಮನೆಯ ಯಜಮಾನರು ಹನ್ನೆರಡು ವರ್ಷ ಕುವೈತಿನಲ್ಲಿದ್ದವರು. 2020ರಲ್ಲಿ ಕೊರೊನಾ ಸಮಯ ಊರಿಗೆ ಬಂದರು, ಮತ್ತೆ ಹೋಗಲಿಲ್ಲ. ಸ್ವಲ್ಪ ಅಡಿಕೆ, ಒಂದಿಪ್ಪತ್ತು ತೆಂಗು, ಎರಡು ದನ ಉಂಟು. ಹಟ್ಟಿಯ ಹಿಂದೆ ಕೆಂಪುಕಲ್ಲು ಕಟ್ಟಿ, ಶೀಟು ಹೊದೆಸಿ ಹಂದಿಗೂಡು ಮಾಡಿದ್ದರು. ಎಲ್ಲವೂ ಬಿಳಿ ಹಂದಿ, ಯಾರ್ಕ್‌ಶೈರ್ ಬೆರಕೆ. ನವೆಂಬರ್ ಕೊನೆಯಲ್ಲಿ ಗೂಡಿನ ಲೆಕ್ಕ ಹೀಗಿತ್ತು: ಮರಿ ಹಾಕುವ ಹೆಣ್ಣು ನಾಲ್ಕು, ಗಂಡು ಒಂದು, ಮಾರಾಟಕ್ಕೆ ತಯಾರಾದ 80-90 ಕಿಲೋದ ಹಂದಿ 14, ಹಾಲು ಬಿಟ್ಟ ಮರಿ 14, ಹಾಲು ಕುಡಿಯುವ ಮರಿ 13. ಒಟ್ಟು 46.

ಆಹಾರ ಎಂದರೆ ಮುಸುರೆ. ಎರಡು ಹೋಟೆಲು, ಒಂದು ಮದುವೆ ಹಾಲ್‌ನಿಂದ ಡ್ರಮ್ಮಿನಲ್ಲಿ ತರುತ್ತಿದ್ದರು. ಅದಕ್ಕೆ ತೌಡು, ಸ್ವಲ್ಪ ತೆಂಗಿನ ಹಿಂಡಿ, ಮನೆಯ ಅಕ್ಕಚ್ಚು ಸೇರಿಸುತ್ತಿದ್ದರು. ಮುಸುರೆ ಹಾಕಬಾರದು ಅಂತ ಪುಸ್ತಕದಲ್ಲಿ ಬರೆಯುವುದು ಸುಲಭ. ಹಂದಿ ಸಾಕಣೆಯ ಖರ್ಚಿನಲ್ಲಿ ದೊಡ್ಡ ಪಾಲು ಆಹಾರದ್ದೇ. ಚೀಲದ ಫೀಡನ್ನೇ ಹಾಕಿದರೆ ನಾಲ್ಕೈದು ಹೆಣ್ಣು ಹಂದಿ ಇಟ್ಟುಕೊಂಡವರಿಗೆ ಕೈಗೆ ಏನೂ ಉಳಿಯುವುದಿಲ್ಲ. ಮುಸುರೆ ಇರುವುದರಿಂದಲೇ ಈ ಊರಲ್ಲಿ ಸಣ್ಣವರು ಹಂದಿ ಸಾಕುವುದು.

ಇನ್ನು ಚೀಟಿ. ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತ್ (ಮಾತೆ ಮರಿಯಮ್ಮನ ಹುಟ್ಟುಹಬ್ಬ) ಕಳೆದ ಮೇಲೆ ಬಾಪ್ಪು ಈ ಮನೆಗೆ 50,000 ರೂಪಾಯಿ ಮುಂಗಡ ಕೊಟ್ಟಿದ್ದರು. ಡಿಸೆಂಬರ್ 20ರೊಳಗೆ 14 ಹಂದಿ ಕೊಡಬೇಕು. ತಪ್ಪಿದರೆ ಮುಂಗಡ ಪೂರ್ತಿ ವಾಪಸ್, ಮುಂದಿನ ಲೋಡಿಗೆ ಕಿಲೋಗೆ ಹತ್ತು ರೂಪಾಯಿ ಕಡಿಮೆ. ಕ್ರಿಸ್‌ಮಸ್ಸಿಗೆ ದುಕ್ರಾಮಾಸ್, ಅಂದರೆ ಹಂದಿ ಮಾಂಸ, ಇಲ್ಲ ಅಂದರೆ ಗಿರಾಕಿ ನಮ್ಮನ್ನು ಬಿಡುವುದಿಲ್ಲ. ಹಾಗಾಗಿ ಬಾಪ್ಪುಗೆ ಆ ಬಿಗಿ ಬೇಕಿತ್ತು. ನನಗೂ ಅದು ಸರಿ ಅನಿಸಿತ್ತು. ಹಂದಿಗೆ ಕಾಯಿಲೆ ಬಂದರೆ ಏನು ಅನ್ನುವ ಸಾಲು ಆ ಚೀಟಿಯಲ್ಲಿ ಇರಲೇ ಇಲ್ಲ.

ಏಳು ದಿನ

ಹಾಲು ಬಿಟ್ಟ 14 ಮರಿಗಳಲ್ಲಿ ಆರು ಹೊರಗಿನವು. ನವೆಂಬರ್ 14ಕ್ಕೆ ಒಬ್ಬ ಮರಿ ವ್ಯಾಪಾರಿ ಪಿಕಪ್ಪಿನಲ್ಲಿ ತಂದು ಇಳಿಸಿದ್ದು. ಕಡಿಮೆಗೆ ಸಿಕ್ಕಿದವು. "ವ್ಯಾಕ್ಸಿನ್ ಎಲ್ಲ ಆಗಿದೆ" ಅಂದಿದ್ದ. ಚೀಟಿ ಇರಲಿಲ್ಲ. ಬೇರೆ ಗೂಡು ಇಲ್ಲದ ಕಾರಣ ಅವನ್ನು ಮನೆಯ ಎಂಟು ಮರಿಗಳ ಜೊತೆಗೇ ಬಿಟ್ಟರು.

ನವೆಂಬರ್ 24ಕ್ಕೆ ಆ ಆರರಲ್ಲಿ ಎರಡು ಮುಸುರೆ ಮುಟ್ಟಲಿಲ್ಲ. ಒಂದರ ಮೇಲೊಂದು ಬಿದ್ದುಕೊಂಡು ನಡುಗುತ್ತಿದ್ದವು. ನವೆಂಬರ್ ತಿಂಗಳಲ್ಲಿ, ನಮ್ಮ ಸೆಕೆಯಲ್ಲಿ! ಚಳಿ ಇರಬೇಕು ಅಂತ ಯಜಮಾನರು ಗೋಣಿ ಹೊದೆಸಿದರು. 26ಕ್ಕೆ ಮೆಡಿಕಲ್ ಶಾಪಿನಿಂದ ಇಂಜೆಕ್ಷನ್ ತಂದು ತಾವೇ ಚುಚ್ಚಿದರು. ಒಂದೇ ಸೂಜಿ, ಎಲ್ಲ ಮರಿಗಳಿಗೂ. 29ಕ್ಕೆ ಒಂದು ಸತ್ತಿತು. ನಮ್ಮಲ್ಲಿ ಸತ್ತ ಪ್ರಾಣಿ ತೆಂಗಿನ ಬುಡಕ್ಕೆ ಹೋಗುವುದು ವಾಡಿಕೆ. ಮೂರಡಿ ಗುಂಡಿ ತೋಡಿ ಹಾಕಿದರು. ಬೆಳಿಗ್ಗೆ ನೋಡಿದರೆ ನಾಯಿ ಕೆದಕಿತ್ತು.

ಡಿಸೆಂಬರ್ 1ಕ್ಕೆ ಮತ್ತೆ ಮೂರು ಮರಿ ಹೋದವು. ಅದೇ ದಿನ ಮಾರಾಟದ ಹದಿನಾಲ್ಕರಲ್ಲಿ ಒಂದು ಮಲಗಿದ್ದು ಏಳಲಿಲ್ಲ. ಕಿವಿಯ ತುದಿ, ಹೊಟ್ಟೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಆ ಮಧ್ಯಾಹ್ನವೇ ಒಬ್ಬ ದಲ್ಲಾಳಿಯ ಫೋನ್. ಅವನಿಗೆ ಹೇಗೆ ಗೊತ್ತಾಯಿತೋ! "ನಿಂತ ಹಂದಿ ಹದಿಮೂರು ಉಂಟಲ್ಲ, ರಾತ್ರಿ ಪಿಕಪ್ ತರ್ತೇನೆ. ಅರ್ಧ ರೇಟು, ನಗದು. ಯಾರಿಗೂ ಹೇಳ್ಬೇಡಿ." ಲೆಕ್ಕ ಹಾಕಿದರೆ ಎಪ್ಪತ್ತು ಸಾವಿರದ ಹತ್ತಿರ. ನಮ್ಮ ಐವತ್ತು ಬಿಸಾಡಿದರೂ ಇಪ್ಪತ್ತು ಕೈಯಲ್ಲಿ ಉಳಿಯುತ್ತದೆ. ಡಾಕ್ಟ್ರಿಗೆ ಹೇಳಿದರೆ? ಮಾರಾಟ ಬಂದ್. ದೊಡ್ಡ ರೋಗ ಅಂತಾದರೆ ಉಳಿದದ್ದನ್ನೂ ಕೊಲ್ಲಬಹುದು. ಮೇಲಿಂದ ನಮ್ಮ ಐವತ್ತು ಸಾವಿರದ ಸಾಲ. ಅವರ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂತ ಧೈರ್ಯವಾಗಿ ಹೇಳಲಾರೆ.

ಗಂಡ ದಲ್ಲಾಳಿಗೆ ಹೂಂ ಅಂದಾಗಿತ್ತಂತೆ. ಹೆಂಡತಿ ತಡೆದು ನಮಗೆ ಫೋನ್ ಮಾಡಿದ್ದು.

ಬಾಪ್ಪು ಒರೆಸಿದ ತಕ್ಕಡಿಯನ್ನೇ ಮತ್ತೊಮ್ಮೆ ಒರೆಸಿದರು. ಆಮೇಲೆ ಹೇಳಿದರು: "ಮುಂಗಡ ಹಾಗೇ ಇರ್ಲಿ ಅಕ್ಕ. ಜನವರಿಗೋ ಈಸ್ಟರಿಗೋ ನೋಡುವ. ನೀವು ಮೊದ್ಲು ಡಾಕ್ಟ್ರಿಗೆ ಫೋನ್ ಮಾಡಿ. ಆ ಪಿಕಪ್ಪಿನವನನ್ನು ಗೇಟಿನ ಒಳಗೆ ಬಿಡ್ಬೇಡಿ."

ಅವರೇನೂ ಸಂತ ಅಲ್ಲ. ಫೋನ್ ಇಟ್ಟ ಕೂಡಲೇ ನನ್ನ ಕಡೆ ತಿರುಗಿ, "ಹದಿನಾಲ್ಕು ಹಂದಿ ಇನ್ನು ಎಲ್ಲಿಂದ ತರುವುದು ಮಾರಾಯ್ತಿ?" ಅಂದರು. ಇನ್ನೊಂದು ಹೆದರಿಕೆಯೂ ಇತ್ತು. ಆ ವರ್ಷದ ಜುಲೈಯಲ್ಲಿ ವಯನಾಡಿನ ಮಾನಂತವಾಡಿಯಲ್ಲಿ ಆಫ್ರಿಕನ್ ಹಂದಿ ಜ್ವರ ಸಿಕ್ಕಿತ್ತು. ತಲಪಾಡಿ ದಾಟಿದರೆ ಕೇರಳವೇ ಅಲ್ವಾ? ಸುದ್ದಿ ಬಂದ ಮರುವಾರ ನಮ್ಮ ಭಾನುವಾರದ ವ್ಯಾಪಾರ ಮಕಾಡೆ ಮಲಗಿತ್ತು. ಜ್ವರದ ಹಂದಿ ಪೇಟೆಯ ಯಾವುದೋ ಅಂಗಡಿಯಲ್ಲಿ ಕಡಿದು ಮಾರಾಟವಾಗಿ, ಕ್ರಿಸ್‌ಮಸ್ ವಾರದಲ್ಲಿ ಗೊತ್ತಾದರೆ ಎಲ್ಲ ಅಂಗಡಿಗಳ ಕಥೆಯೂ ಮುಗಿಯಿತು. ಅದು ಬಾಪ್ಪುಗೆ ಗೊತ್ತಿತ್ತು.

ಡಾಕ್ಟ್ರು ಬಂದರು

ಮರುದಿನ ಬೆಳಿಗ್ಗೆ ಪಶು ಆಸ್ಪತ್ರೆಯ ಡಾಕ್ಟ್ರು ಬಂದರು. ಬೈಕನ್ನು ಗೇಟಿನ ಹೊರಗೇ ನಿಲ್ಲಿಸಿದರು. ಗಂಬೂಟು ಹಾಕಿ, ಮೇಲಿಂದ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರು. ಮೊದಲು ಹೋಗಿದ್ದು ಆರೋಗ್ಯವಾಗಿದ್ದ ಹೆಣ್ಣು ಹಂದಿಗಳ ಗೂಡಿಗೆ, ಕೊನೆಗೆ ಜ್ವರದ ಮರಿಗಳ ಹತ್ತಿರ. ಈ ಕ್ರಮವನ್ನು ಆ ಮನೆಯವರು ಆವತ್ತೇ ಕಲಿತರು. ಅಲ್ಲಿಯ ತನಕ ಅವರು ಮಾಡುತ್ತಿದ್ದದ್ದು ತಿರುಗಾಮುರುಗಾ. ಬೆಳಿಗ್ಗೆ ಎದ್ದು ಮೊದಲು ಕಾಯಿಲೆಯ ಮರಿ ನೋಡಿ, ಅದೇ ಚಪ್ಪಲಿಯಲ್ಲಿ ಉಳಿದ ಗೂಡಿಗೆ ಹೋಗುತ್ತಿದ್ದರು. ಸಂಕಟ ಇರುವಲ್ಲಿಗೆ ಮನುಷ್ಯ ಮೊದಲು ಹೋಗುವುದು ಸಹಜವೇ.

ಮಲಗಿದ್ದ ಹಂದಿಗೆ 106 ಡಿಗ್ರಿ ಜ್ವರ. ಹಂದಿಯ ಮೈ ಸಾಮಾನ್ಯವಾಗಿ 102ರ ಆಸುಪಾಸು ಇರುತ್ತದೆ. ಮರಿಗಳ ಕಣ್ಣಲ್ಲಿ ಪಿಸುರು, ಹಿಂಗಾಲು ಓಲಾಟ, ಮೊದಲು ಮಲಬದ್ಧತೆ, ಆಮೇಲೆ ಭೇದಿ. ಮೈಮೇಲೆ ವಜ್ರದ ಆಕಾರದ ಕೆಂಪು ಗುಳ್ಳೆ ಎದ್ದಿದ್ದರೆ ಎರಿಸಿಪೆಲಾಸ್ ಅನ್ನಬಹುದಿತ್ತು, ಅದಕ್ಕೆ ಪೆನಿಸಿಲಿನ್ ನಾಟುತ್ತದೆ. ಇಲ್ಲಿ ಅದಿರಲಿಲ್ಲ.

ಡಾಕ್ಟ್ರು ಹೇಳಿದ್ದು ಇಷ್ಟು: "ಇದು ಎರಡರಲ್ಲಿ ಒಂದು. ಹಳೇ ಹಂದಿ ಜ್ವರ, ಇಲ್ಲ ಆಫ್ರಿಕನ್. ಕಣ್ಣಲ್ಲಿ ನೋಡಿ ಯಾವುದು ಅಂತ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ."

ಹೆಸರು ಒಂದೇ ತರ, ವೈರಸ್ ಮಾತ್ರ ಸಂಬಂಧವೇ ಇಲ್ಲದವು. ಹಳೆಯದು, ಕ್ಲಾಸಿಕಲ್ ಸ್ವೈನ್ ಫೀವರ್, ನಮ್ಮ ದೇಶದಲ್ಲಿ ಮೊದಲಿನಿಂದಲೂ ಇರುವುದು. ಅದಕ್ಕೆ ಲಸಿಕೆ ಇದೆ. ಆಫ್ರಿಕನ್ ಹಂದಿ ಜ್ವರ 1921ರಲ್ಲಿ ಕೆನ್ಯಾದಿಂದ ಮೊದಲು ವರದಿಯಾದದ್ದು. 2007ರಲ್ಲಿ ಜಾರ್ಜಿಯಾ, 2018ರ ಆಗಸ್ಟಿನಲ್ಲಿ ಚೀನಾ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಮುಟ್ಟಿತು. ಅದಕ್ಕೆ ನಮ್ಮಲ್ಲಿ ಲಸಿಕೆಯೂ ಇಲ್ಲ, ಮದ್ದೂ ಇಲ್ಲ. ಹಳೇ ಜ್ವರದ ಲಸಿಕೆ ಅದನ್ನು ತಡೆಯುವುದಿಲ್ಲ. ಆಫ್ರಿಕನ್ ಅಂತ ಖಚಿತವಾದರೆ ರೋಗ ಸಿಕ್ಕಿದ ಜಾಗದಿಂದ 1 ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು, 10 ಕಿಲೋಮೀಟರ್ ತನಕ ನಿಗಾ ಇಡಬೇಕು. ಕಿನ್ನಿಗೋಳಿ ಕಡೆ 1 ಕಿಲೋಮೀಟರ್ ಅಂದರೆ ಎಷ್ಟು ಮನೆಯ ಹಿತ್ತಿಲು ಅಂತ ಯೋಚಿಸಿ.

ಎರಡೂ ಜ್ವರ ಮನುಷ್ಯರಿಗೆ ಬರುವುದಿಲ್ಲ. ಇದನ್ನು ಆ ತಿಂಗಳು ನಾನು ಗಿರಾಕಿಗಳಿಗೆ ನೂರು ಸಲ ಹೇಳಿರಬಹುದು. 2009ರಲ್ಲಿ ಬಂದ ಎಚ್1ಎನ್1 ಫ್ಲೂವನ್ನು ಪೇಪರಿನವರು ಹಂದಿ ಜ್ವರ ಅಂತಲೇ ಬರೆದರು. ಆ ಹೆಸರು ಜನರ ತಲೆಯಲ್ಲಿ ಕೂತುಬಿಟ್ಟಿದೆ. ಅದು ಬೇರೆಯೇ ಕಾಯಿಲೆ.

ಡಾಕ್ಟ್ರಿಗೆ ಒಂದು ಅಂದಾಜು ಇತ್ತು, ಆಮೇಲೆ ಹೇಳಿದರು. ಸಾಯುತ್ತಿರುವುದು ಹೆಚ್ಚಾಗಿ ಮರಿಗಳು. ಎರಡು ವರ್ಷದ ಹಿಂದೆ ಹಳೇ ಜ್ವರದ ಲಸಿಕೆ ಆದ ಹೆಣ್ಣು ಹಂದಿಗಳು ಗಟ್ಟಿಮುಟ್ಟಾಗಿ ತಿನ್ನುತ್ತಿದ್ದವು. ಆಫ್ರಿಕನ್ ಆಗಿದ್ದರೆ ದೊಡ್ಡವನ್ನೂ ಬಿಡುತ್ತಿರಲಿಲ್ಲ. ಆದರೆ ಅಂದಾಜಿನ ಮೇಲೆ ಅವರು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಜ್ವರ ಇದ್ದವುಗಳ ರಕ್ತ ತೆಗೆದರು. ಆಗಷ್ಟೇ ಸತ್ತ ಒಂದು ಮರಿಯನ್ನು ಗುಂಡಿಯ ಪಕ್ಕ ಪ್ಲಾಸ್ಟಿಕ್ ಹಾಳೆಯ ಮೇಲೆ ಇಟ್ಟು, ಗುಲ್ಮ ಮತ್ತು ಟಾನ್ಸಿಲಿನ ಚೂರು ತೆಗೆದರು. ಮೀನಿನವರ ತರದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಅದನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಆಫ್ರಿಕನ್ ಅಂತ ಸಂಶಯ ಗಟ್ಟಿಯಾದರೆ ಅಂತಿಮ ಮಾತು ಭೋಪಾಲದ ರಾಷ್ಟ್ರೀಯ ಅತಿ ಸುರಕ್ಷತಾ ಪ್ರಾಣಿರೋಗ ಸಂಸ್ಥೆಯದು.

ಗುಂಡಿಯ ವಿಷಯದಲ್ಲಿ ಅರ್ಧ ದಿನ ಹೋಯಿತು. ನಮ್ಮ ಕೆಂಪುಕಲ್ಲಿನ ನೆಲ ಸ್ಪಂಜಿನ ಹಾಗೆ. ಮಳೆಗಾಲದಲ್ಲಿ ಮೇಲೆ ಬಿದ್ದ ನೀರು ಕೆಳಗಿನ ಬಾವಿಯಲ್ಲಿ ಏಳುತ್ತದೆ. ತೆಂಗಿನ ಬುಡದಿಂದ ಮನೆಯ ಬಾವಿ ಕೂಗಳತೆಯ ದೂರವೂ ಇರಲಿಲ್ಲ. ಪದವಿನ (ಎತ್ತರದ ಬಯಲಿನ) ಕಡೆ, ಬಾವಿಗಳಿಗೆ ನೀರು ಇಳಿಯದ ಬದಿಯಲ್ಲಿ ಜಾಗ ನೋಡಿದರು. ಮೇಲೆ ಗಟ್ಟಿ ಕಲ್ಲು, ಪಿಕ್ಕಾಸಿನಲ್ಲಿ ಆಗದ ಕೆಲಸ. ಜೆಸಿಬಿ ತರಿಸಿದರು. ಆಳವಾದ ಗುಂಡಿ, ಸುಟ್ಟ ಸುಣ್ಣ, ಹಂದಿ, ಮತ್ತೆ ಸುಣ್ಣ, ಮೇಲೆ ಮಣ್ಣು, ಅದರ ಮೇಲೆ ಮುಳ್ಳು. ತೆಂಗಿನ ಬುಡದ್ದನ್ನೂ ತೆಗೆದು ಅಲ್ಲಿಗೇ ಹಾಕಿದರು. ಕಾಡುಹಂದಿ ದಿನಾ ರಾತ್ರಿ ತೋಟಕ್ಕೆ ಬರುವ ಊರು ಅದು. ಈ ಜ್ವರಗಳು ಕಾಡುಹಂದಿಗೂ ಹಿಡಿಯುತ್ತವೆ. ಒಮ್ಮೆ ಕಾಡಿಗೆ ಹೊಕ್ಕರೆ ಮತ್ತೆ ಯಾರು ಹಿಡಿಯುವುದು?

ಕಾಯುವ ದಿನಗಳು

ಈ ಪ್ರಕರಣದಲ್ಲಿ ನನಗೆ ಅತಿ ಕಷ್ಟ ಅನಿಸಿದ್ದು ಮುಂದಿನ ಐದು ದಿನ. ಹಳೇ ಜ್ವರವೇ ಆಗಿದ್ದರೆ ಕೂಡಲೇ ಲಸಿಕೆ ಹಾಕಿದರೆ ಸೋಂಕು ತಗಲದ ಹಂದಿಗಳು ಒಂದು ವಾರದೊಳಗೆ ಬಚಾವಾಗುತ್ತವೆ. ಆಫ್ರಿಕನ್ ಆಗಿದ್ದರೆ ಗೂಡಿಂದ ಗೂಡಿಗೆ ಹೋಗಿ ಹಂದಿ ಹಿಡಿದು ಚುಚ್ಚುವುದೇ ರೋಗ ಹಂಚಿದ ಹಾಗೆ. ಯಜಮಾನರು ಲಸಿಕೆ ಹಾಕಿ ಅಂತ ಕೈಮುಗಿದರು. ಡಾಕ್ಟ್ರು ಇಲ್ಲ ಅಂದರು. ಆ ಐದು ದಿನದಲ್ಲಿ ಆರು ಮರಿ ಸತ್ತವು. ಆದರೂ ಡಾಕ್ಟ್ರು ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಯಜಮಾನರು ಇವತ್ತಿಗೂ ಒಪ್ಪುವುದಿಲ್ಲ.

ದುಡ್ಡಿನ ಲೆಕ್ಕವೂ ಕಾಯುವವರ ವಿರುದ್ಧವೇ ಇತ್ತು. 2022ರಲ್ಲಿ ಕೇರಳದಲ್ಲಿ ಕೊಂದ ಹಂದಿಗಳಿಗೆ ಕೊಟ್ಟ ಪರಿಹಾರ ತೂಕದ ಮೇಲೆ: 15 ಕಿಲೋ ತನಕ 2,200 ರೂಪಾಯಿ, 40 ತನಕ 5,800, 70 ತನಕ 8,400, 100 ತನಕ 12,000, ಅದರ ಮೇಲೆ 15,000. ಕಡಿಮೆಯೇನಲ್ಲ. ಆದರೆ ಅದು ಕೊಂದ ಹಂದಿಗೆ, ತಾನಾಗಿ ಸತ್ತದ್ದಕ್ಕಲ್ಲ. ಹಳೇ ಜ್ವರ ಅಂತಾದರೆ ಸಾಮೂಹಿಕವಾಗಿ ಕೊಲ್ಲುವುದೇ ಇಲ್ಲ. ಹಾಗಾಗಿ ಆ ಮನೆಯವರಿಗೆ ಯಾವ ದಾರಿಯಲ್ಲೂ ಸತ್ತ ಮರಿಗೆ ದುಡ್ಡು ಇರಲಿಲ್ಲ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆ ಪ್ರಕಾರ ಕಾಯಿಲೆ ತಿಳಿಸುವುದು ಸಾಕುವವರ ಕರ್ತವ್ಯ, ಸೋಂಕಿನ ಪ್ರಾಣಿ ಮಾರುವುದು ಅಪರಾಧ. ಸರಿ. ಆದರೆ ರಾತ್ರಿ ಗೇಟಿನ ಹೊರಗೆ ನಗದು ಹಿಡಿದು ನಿಲ್ಲುವವನು ಕಾಯ್ದೆಯಲ್ಲ, ದಲ್ಲಾಳಿ.

ಕೆಲಸ ಹಂಚಿಕೊಂಡರು. ಅಕ್ಕ ಒಳ್ಳೆಯ ಗೂಡುಗಳಿಗೆ ಮಾತ್ರ, ಯಜಮಾನರು ಕಾಯಿಲೆಯ ಗೂಡಿಗೆ ಮಾತ್ರ. ಚಪ್ಪಲಿ, ಬಾಲ್ದಿ, ಹಿಡಿಸೂಡಿ ಎಲ್ಲ ಬೇರೆ ಬೇರೆ. ಗೂಡಿನ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಟಬ್ ಇಟ್ಟರು. ಗಲೀಜು ಮೆತ್ತಿದ ಬೂಟನ್ನು ಅದರಲ್ಲಿ ಅದ್ದಿದರೆ ಏನೂ ಪ್ರಯೋಜನ ಇಲ್ಲ, ಮೊದಲು ಸೋಪು ಹಾಕಿ ಬ್ರಷ್ಷಿನಲ್ಲಿ ಉಜ್ಜಬೇಕು. ಇದು ಮೂರನೇ ದಿನ ಗೊತ್ತಾಯಿತು.

ಡಿಸೆಂಬರ್ 7ಕ್ಕೆ ಫೋನಿನಲ್ಲಿ ತಿಳಿಸಿದರು: ಆಫ್ರಿಕನ್ ಅಲ್ಲ. ಮರುದಿನ 8, ನಮ್ಮ ಇಗರ್ಜಿಯಲ್ಲಿ ಮಾತೆಯ ಹಬ್ಬ. ಡಾಕ್ಟ್ರು ಬೆಳಿಗ್ಗೆಯೇ ಬಂದು ಜ್ವರ ಇಲ್ಲದ ಎಲ್ಲ ಹಂದಿಗೂ ಲಸಿಕೆ ಹಾಕಿದರು, ಒಂದು ಹಂದಿಗೆ ಒಂದು ಸೂಜಿ. 10ಕ್ಕೆ ಬರಹದಲ್ಲಿ ಬಂತು, ಕ್ಲಾಸಿಕಲ್ ಸ್ವೈನ್ ಫೀವರ್.

ಎರಡು ವರ್ಷ ಲಸಿಕೆ ಯಾಕೆ ತಪ್ಪಿತು? ವರ್ಷಕ್ಕೊಮ್ಮೆ ಹಾಕಬೇಕಾದ್ದು. ಮರಿಗಳಿಗೆ ಒಂದೂವರೆ ಎರಡು ತಿಂಗಳಲ್ಲಿ. ಅದಕ್ಕಿಂತ ಮೊದಲು ಹಾಕಿದರೆ ತಾಯಿಯ ಹಾಲಿನಿಂದ ಬಂದ ಶಕ್ತಿಯೇ ಲಸಿಕೆಯನ್ನು ಕೆಡಿಸುತ್ತದೆ. ಇದು ಜೀವಂತ ಲಸಿಕೆ. ಐಸಿನಲ್ಲಿಟ್ಟು ತರಬೇಕು, ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಬಾಟ್ಲಿಯಲ್ಲಿ ಹಲವು ಹಂದಿಗಾಗುವಷ್ಟು ಇರುತ್ತದೆ. ಹಾಗಾಗಿ ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ತಯಾರಿರಬೇಕು. ಒಬ್ಬರಿಗೆ ಕೋಲ, ಒಬ್ಬರಿಗೆ ಮದುವೆ, ಒಬ್ಬರ ಹೆಣ್ಣು ಹಂದಿ ಗಬ್ಬ. ಮುಂದಿನ ವಾರ ಅನ್ನುತ್ತಾ ಎರಡು ವರ್ಷ ಹೋಯಿತು. ಅಷ್ಟೇ ಕಾರಣ.

ಬಂದದ್ದು ಎಲ್ಲಿಂದ

ಎಲ್ಲರೂ ಬೆರಳು ತೋರಿಸುವುದು ಆ ಆರು ಮರಿಗಳ ಕಡೆಗೆ. ದಿನದ ಲೆಕ್ಕವೂ ಕೂಡುತ್ತದೆ, ಮೊದಲು ಬಿದ್ದವೂ ಅವೇ. ನನಗೂ ಅವುಗಳ ಮೇಲೆಯೇ ಜಾಸ್ತಿ ಸಂಶಯ. ಆದರೆ ಇನ್ನೂ ಮೂರು ಬಾಗಿಲು ತೆರೆದೇ ಇದ್ದವು, ಅದರಲ್ಲಿ ಒಂದು ನಮ್ಮದು.

ಗಂಡು ಹಂದಿಯನ್ನು ನವೆಂಬರ್ ಮೊದಲ ವಾರ ಇನ್ನೊಂದು ಮನೆಗೆ ಕೂಡಿಸಲು ಕಳಿಸಿದ್ದರು, ನಾಲ್ಕು ದಿನ ಬಿಟ್ಟು ವಾಪಸ್ ತಂದರು. ಊರಲ್ಲಿ ಇದು ಮಾಮೂಲಿ. ಎಲ್ಲರೂ ಗಂಡು ಸಾಕಲಿಕ್ಕೆ ಆಗುತ್ತದೆಯೇ?

ಮುಸುರೆ ಇನ್ನೊಂದು. "ನಾವು ಬಿಸಿ ಮಾಡಿಯೇ ಹಾಕುವುದು" ಅಂತ ಅಕ್ಕ ಹೇಳಿದ್ದು ಸುಳ್ಳಲ್ಲ. ಬಿಸಿ ಮಾಡುತ್ತಿದ್ದರು, ಹಬೆ ಬರುವ ತನಕ. ಬೇಕಾದದ್ದು 90 ಡಿಗ್ರಿಯಲ್ಲಿ ಒಂದು ಗಂಟೆ, ಬಿಡದೆ ತಿರುವುತ್ತಾ. ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಹಸಿ ಮುಸುರೆ ಸುರಿದ ಬಾಲ್ದಿಯಲ್ಲೇ ಬೆಂದದ್ದನ್ನು ತುಂಬಿಸಿ ಹಂದಿಗೆ ಹಾಕುತ್ತಿದ್ದರು. ಬೇಯಿಸಿದ್ದೂ ದಂಡ. ಹೋಟೆಲಿನ ಡ್ರಮ್ಮಿನಲ್ಲಿ ಬೆಂದ ಬಾಫಾತಿನ (ನಮ್ಮ ಹಂದಿ ಸಾರಿನ) ಮೂಳೆ ಇದ್ದರೆ ಅಷ್ಟು ಹೆದರಬೇಕಿಲ್ಲ. ಹೆದರಬೇಕಾದದ್ದು ಅಡುಗೆಮನೆಯಲ್ಲಿ ಕಡಿದು ಬಿಸಾಡಿದ ಹಸಿ ಚರ್ಮ, ಕೊಬ್ಬು, ಮಾಂಸ ತೊಳೆದ ನೀರಿಗೆ. ಫ್ರೀಜರಿನಲ್ಲಿಟ್ಟ ಮಾಂಸದಲ್ಲಿ ಈ ಎರಡೂ ವೈರಸ್ ವರ್ಷಗಟ್ಟಲೆ ಬದುಕುತ್ತವೆ. ತಂಪಿನಲ್ಲಿಟ್ಟ ರಕ್ತದಲ್ಲಿ ಆಫ್ರಿಕನ್ ವೈರಸ್ ಒಂದೂವರೆ ವರ್ಷ ಉಳಿಯುತ್ತದೆ. ಯಾವುದೋ ಊರಿನ ಜ್ವರದ ಹಂದಿ ಅಂಗಡಿಗೆ, ಅಂಗಡಿಯಿಂದ ಹಾಲ್‌ಗೆ, ಹಾಲ್‌ನಿಂದ ಡ್ರಮ್ಮಿಗೆ, ಡ್ರಮ್ಮಿಂದ ಇನ್ನೊಂದು ಹಂದಿಯ ಬಾಯಿಗೆ. ಆ ರಾತ್ರಿ ದಲ್ಲಾಳಿಯ ಪಿಕಪ್ ಹದಿಮೂರು ಹಂದಿ ತುಂಬಿಕೊಂಡು ಹೋಗಿದ್ದರೆ ಆಗುತ್ತಿದ್ದದ್ದು ಇದೇ.

ಮೂರನೆಯದು ನಮ್ಮ ಪಿಕಪ್. ನವೆಂಬರ್ 12, ಶನಿವಾರ. ಕ್ರಿಸ್‌ಮಸ್ ಹಂದಿಗಳ ತೂಕ ನೋಡಲು ನಮ್ಮ ಹುಡುಗರು ಒಂದೇ ಬೆಳಿಗ್ಗೆ ಐದು ಮನೆಗೆ ಹೋಗಿದ್ದರು. ಕಿನ್ನಿಗೋಳಿಯದ್ದು ನಾಲ್ಕನೆಯದು. ಅದೇ ಬೂಟು, ಅದೇ ತಕ್ಕಡಿ, ಮೂತಿಗೆ ಹಾಕುವ ಅದೇ ಹುರಿಹಗ್ಗ. ಆ ಹಗ್ಗ ಹಂದಿಯ ಬಾಯಲ್ಲಿ ಜೊಲ್ಲು, ಕೆಲವೊಮ್ಮೆ ರಕ್ತ ಕುಡಿದು ಇನ್ನೊಂದು ಹಂದಿಯ ಬಾಯಿಗೆ ಹೋಗುತ್ತದೆ. ತೆಂಗಿನ ನಾರನ್ನು ತೊಳೆದು ಶುದ್ಧ ಮಾಡುವುದು ಅಂತ ಒಂದಿಲ್ಲ. ಉಳಿದ ನಾಲ್ಕು ಮನೆಗಳಲ್ಲಿ ಯಾವುದೂ ಸಾಯಲಿಲ್ಲ, ಹಾಗಾಗಿ ರೋಗ ತಂದದ್ದು ನಾವಲ್ಲ ಇರಬೇಕು. ಆದರೆ ಒಂದು ವಾರ ತಡವಾಗಿ ಹೋಗಿದ್ದರೆ? ಐದನೇ ಮನೆಗೆ ರೋಗ ಒಯ್ಯುತ್ತಿದ್ದವರು ನಾವೇ. ಆ ರಾತ್ರಿ ದಲ್ಲಾಳಿಯನ್ನು ಬಾಯಿತುಂಬ ಬೈದಿದ್ದೆ. ಇದು ಹೊಳೆದ ಮೇಲೆ ಬೈಯುವುದು ಸ್ವಲ್ಪ ಕಡಿಮೆಯಾಯಿತು.

ಅಂಗಡಿಯಲ್ಲಿ

ಡಿಸೆಂಬರ್ 3ಕ್ಕೆ ಬೋರ್ಡ್ ಹಾಕಿದೆವು: ಕ್ರಿಸ್‌ಮಸ್ ಆರ್ಡರ್ ಒಂದು ಮನೆಗೆ ಎರಡು ಕಿಲೋ ಮಾತ್ರ. ಐದು ಕಿಲೋ ಬರೆಸಿದವರಿಗೆ ನಾನೇ ಫೋನ್ ಮಾಡಿದೆ. ಕೆಲವರು ಬೈದರು, ಕೆಲವರು ಬೇರೆ ಅಂಗಡಿಗೆ ಹೋದರು. ಒಬ್ಬರು ಬಾಯಮ್ಮ ಮಾತ್ರ, "ಕೋಳಿ ಮಾಡ್ತೇನೆ ಬಿಡು, ಹಬ್ಬ ನಿಲ್ಲುತ್ತದಾ?" ಅಂದರು. ಬೇರೆ ಎರಡು ಮನೆಯಿಂದ ಎಂಟು ಹಂದಿ ಸಿಕ್ಕಿತು, ದರ ಜಾಸ್ತಿ ಕೊಟ್ಟು. ಕಡಿಯುವ ಮೊದಲು ಡಾಕ್ಟ್ರ ಕೈಯಲ್ಲಿ ನೋಡಿಸಿದೆವು. ನಮ್ಮ ಅಂಗಡಿಯ ಹಸಿ ಕಸ ಒಬ್ಬರು ಹಂದಿ ಸಾಕುವವರಿಗೇ ಹೋಗುತ್ತಿತ್ತು, ಪುಕ್ಕಟೆ. ಅದನ್ನು ಆವತ್ತಿನಿಂದ ನಿಲ್ಲಿಸಿದೆವು. ಅವರು ಮುಖ ತಿರುಗಿಸಿದ್ದು ಇನ್ನೂ ಸರಿಯಾಗಿಲ್ಲ.

ಕೊನೆಯ ಹಂದಿ ಸತ್ತದ್ದು ಡಿಸೆಂಬರ್ 19ಕ್ಕೆ. ಒಟ್ಟು 17: ಹೊರಗಿನ ಆರು ಮರಿ ಪೂರ್ತಿ, ಅವುಗಳ ಜೊತೆ ಇದ್ದ ಮನೆಯ ಎಂಟರಲ್ಲಿ ಐದು, ಹಾಲು ಕುಡಿಯುವ ನಾಲ್ಕು, ಮಾರಾಟದ ಎರಡು. ಒಂದು ಹೆಣ್ಣಿಗೆ ಗಬ್ಬ ಹೋಯಿತು. ಉಳಿದ 29ರಲ್ಲಿ ಮಾರಾಟದ 12 ಹಂದಿಗಳನ್ನು ಜನವರಿ ಕೊನೆಯ ತನಕ ಕಟ್ಟಿಹಾಕಿ, ಡಾಕ್ಟ್ರು ಸೈ ಅಂದ ಮೇಲೆ ತಂದೆವು. ಅಷ್ಟೊತ್ತಿಗೆ ನೂರು ಕಿಲೋ ದಾಟಿದ್ದವು, ಕೊಬ್ಬು ಜಾಸ್ತಿ. ಅದೃಷ್ಟಕ್ಕೆ ಆ ವರ್ಷ, ಈಸ್ಟರಿನ ಮೊದಲಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಬಿದ್ದದ್ದು ಫೆಬ್ರವರಿ 22ಕ್ಕೆ. ಅದರ ಮೊದಲು ಮದುವೆ, ಮದುವೆಯ ಮುಂಚಿನ ರೋಸ್ ಶಾಸ್ತ್ರ ಅಂತ ಸಾಲು ಸಾಲು. ಕೊಬ್ಬು ಇರುವ ತುಂಡೇ ಬೇಕು ಅನ್ನುವವರಿಗೆ ಎಲ್ಲವೂ ಖರ್ಚಾಯಿತು. ದಲ್ಲಾಳಿಯ ಎಪ್ಪತ್ತು ಸಾವಿರಕ್ಕಿಂತ ಒಂದು ಪಟ್ಟು ಜಾಸ್ತಿಯೇ ಅವರಿಗೆ ಸಿಕ್ಕಿತು. ಆರು ವಾರದ ತೌಡು, ಜೆಸಿಬಿ ಬಾಡಿಗೆ, 17 ಹಂದಿಯ ನಷ್ಟ ಕಳೆದರೆ ಲಾಭ ಅಂತ ಹೇಳುವ ಹಾಗಿಲ್ಲ.

ಹೊಸ ಚೀಟಿ

2023ರ ಸೆಪ್ಟೆಂಬರಿನ ಚೀಟಿಯಲ್ಲಿ ಒಂದು ಸಾಲು ಸೇರಿಸಿದೆವು. ಕಾಯಿಲೆ ಕಂಡ ದಿನವೇ ಡಾಕ್ಟ್ರಿಗೂ ನಮಗೂ ತಿಳಿಸಿದರೆ ಮುಂಗಡ ಆರು ತಿಂಗಳು ಕೇಳುವುದಿಲ್ಲ, ದರವನ್ನೂ ಇಳಿಸುವುದಿಲ್ಲ. ಚೀಟಿಯ ಹಿಂದೆ 1962 ಅಂತ ಪಶು ಸಂಜೀವಿನಿಯ ನಂಬರ್ ಬರೆದೆ. ಸುಮ್ನೆ ಉದಾರತೆ ಅಂತ ತಿಳಿಯಬೇಡಿ. ಬಡ್ಡಿಯಿಲ್ಲದ ಐವತ್ತು ಸಾವಿರ ಆರು ತಿಂಗಳು ಹೊರಗೆ ನಿಲ್ಲುವುದು ನಮ್ಮ ಅಂಗಡಿಗೆ ಭಾರವೇ. ಈ ಸಾಲಿನಿಂದಾಗಿ ಬಾಪ್ಪು ಮುಂಗಡ ಕೊಡುವ ಮನೆಗಳನ್ನು ಐದರಿಂದ ಮೂರಕ್ಕೆ ಇಳಿಸಿದರು. ಬಿಟ್ಟುಹೋದ ಎರಡು ಮನೆಯವರು ಈಗ ಯಾರಿಗೆ ಮಾರುತ್ತಾರೆ ಅಂತ ನನಗೆ ಗೊತ್ತು, ಅದರಿಂದ ಸಮಾಧಾನ ಇಲ್ಲ.

ಹಗ್ಗ ಈಗ ಮನೆಗೊಂದು, ನೈಲಾನಿನದು, ಆಯಾ ಮನೆಯಲ್ಲೇ ಇರುತ್ತದೆ. ಪಿಕಪ್ ದಿನಕ್ಕೆ ಒಂದೇ ಮನೆಗೆ. ಇದು ಸರಿಯಾಗಿ ನಡೆಯುತ್ತಿದೆ. ಹೊರಗಿನ ಮರಿಯನ್ನು ಒಂದು ತಿಂಗಳು ಬೇರೆ ಇಡಬೇಕು ಅಂತ ಡಾಕ್ಟ್ರು ಹೇಳಿದ್ದರು. ಕಿನ್ನಿಗೋಳಿಯವರು ಅದಕ್ಕಿಂತ ಸುಲಭದ ದಾರಿ ಹಿಡಿದರು, ಹೊರಗಿನ ಮರಿ ತರುವುದನ್ನೇ ಬಿಟ್ಟರು.

ಕೈಕೊಟ್ಟದ್ದು ಮುಸುರೆ ಬೇಯಿಸುವ ಕೆಲಸ. ಬೇಸಿಗೆಯಲ್ಲಿ ತೆಂಗಿನ ಸಿಪ್ಪೆ, ಮಡಲು ಹಾಕಿ ಒಂದು ಗಂಟೆ ಉರಿಸುವುದು ಕಷ್ಟವಾಗಲಿಲ್ಲ. ಹಸಿದಕ್ಕೆ ಕೆಂಪು ಬಾಲ್ದಿ, ಬೆಂದದ್ದಕ್ಕೆ ನೀಲಿ. ಜೂನ್ ಬಂತು. ಸಿಪ್ಪೆ ಒದ್ದೆ, ಒಲೆ ಹೊಗೆ, ಡ್ರಮ್ಮಿನ ಅಡಿ ಸೀದು ಮೇಲೆ ಹಸಿ. ಜುಲೈಯಲ್ಲಿ ನಾನು ಹೋದಾಗ ಅಕ್ಕ ಕಣ್ಣು ಒರೆಸಿಕೊಳ್ಳುತ್ತಾ ಮರದ ಸೌಟು ತಿರುವುತ್ತಿದ್ದರು. ದಿನಕ್ಕೆ ಎರಡು ಡ್ರಮ್ ಬೇಯಿಸಲಿಕ್ಕೆ ಆಗುವುದೇ ಇಲ್ಲ ಅಂದರು. ಗಂಡನ ಹತ್ತಿರ ಜಗಳ ಮಾಡಿ ಎರಡು ಹೆಣ್ಣು ಹಂದಿ ಮಾರಿಸಿದ್ದರು. ಈಗ ಆ ಗೂಡಿನಲ್ಲಿ ಒಂದು ಡ್ರಮ್ ಮುಸುರೆಗೆ ಸಾಲುವಷ್ಟೇ ಹಂದಿ. ಈ ಸಲ ಕ್ರಿಸ್‌ಮಸ್ಸಿಗೆ ನಮಗೆ ಏಳು ಕೊಡಬಹುದಂತೆ.